ಮೂಗು ಸೋತಲ್ಲಿ ನೂಲು

ಮ್ಯಾನ್‌ಹೋಲಿನಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತವಿದೆ. ಆದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗಕ್ಕೆ ಏರಿತೆಂದರೆ ಮೂಗಿಗೆ ವಾಸನೆಯೇ ತಿಳಿಯದಾಗುತ್ತದೆ. ನಾತ ಹೋಯಿತು, ಅಪಾಯವೂ ಹೋಯಿತು ಎಂದು ಒಳಗಿಳಿದವನು ನಂಬಿಬಿಡುತ್ತಾನೆ. ಆದ್ದರಿಂದಲೇ, ಅನಿಲವನ್ನು ಪತ್ತೆಹಚ್ಚಲು ನೆರವಾಗುವ ಪಾಲಿಅನಿಲಿನ್ ಎಂಬ ಪ್ಲಾಸ್ಟಿಕ್ ನನಗೆ ಬರೀ ಪ್ರಯೋಗಾಲಯದ ವಸ್ತುವಲ್ಲ.

ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು ಎಂದು ಶಾಲೆಯಲ್ಲಿ ಕಲಿತೆವು. 1977ರಲ್ಲಿ ವಿಜ್ಞಾನಿಗಳಾದ ಶಿರಕಾವಾ, ಮ್ಯಾಕ್‌ಡಯರ್ಮಿಡ್, ಹೀಗರ್ ಅಯೋಡಿನ್ ಆವಿ ಸೋಕಿಸಿ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕಿನಲ್ಲಿ ಅದನ್ನು ಹರಿಸಿದರು. 2000ದಲ್ಲಿ ಮೂವರಿಗೂ ನೊಬೆಲ್ ಬಂತು. ಪಾಲಿಅನಿಲಿನ್ ಅದೇ ವಂಶದ್ದು. ಆಮ್ಲ ತಗುಲಿದರೆ ಹಸಿರಾಗಿ ಕರೆಂಟು ಹರಿಸುತ್ತದೆ, ಅಮೋನಿಯ ತಗುಲಿದರೆ ನೀಲಿಗೆ ತಿರುಗಿ ತಡೆಯುತ್ತದೆ. ಈ ಏರಿಳಿತವನ್ನು ಅಳೆಯುವುದೇ ಸೆನ್ಸರಿನ ಕೆಲಸ.

ಆದರೆ ಪಾಲಿಅನಿಲಿನ್ನಿನ ದಟ್ಟವಾದ ಪದರದೊಳಕ್ಕೆ ಅನಿಲ ಇಳಿಯುವುದು ನಿಧಾನ. ಮಡಚಿಟ್ಟ ಒದ್ದೆ ಪಂಚೆ ಹೊರಗಷ್ಟೇ ಒಣಗುತ್ತದಲ್ಲ, ಹಾಗೆ. ಆ ಮಡಿಕೆಯನ್ನು ಬಿಡಿಸಿದವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಿಯಾಶಿಂಗ್ ಹುವಾಂಗ್, ರಿಚರ್ಡ್ ಕೇನರ್ ಮತ್ತು ಸಂಗಡಿಗರು, 2003ರಲ್ಲಿ. ಒಂದೇ ಪಾತ್ರೆ. ಒಂದು ಪದರದಲ್ಲಿ ಸಾವಯವ ದ್ರಾವಕದಲ್ಲಿ ಕರಗಿದ ಅನಿಲಿನ್, ಇನ್ನೊಂದರಲ್ಲಿ ಆಮ್ಲ ಬೆರೆತ ನೀರು ಮತ್ತು ಆಕ್ಸಿಡೀಕಾರಿ. ಎರಡೂ ಒಂದಕ್ಕೊಂದು ಬೆರೆಯವು. ಅವು ಮುಟ್ಟುವ ಗಡಿಯಲ್ಲಿ ಹಸಿರು ಪಾಲಿಅನಿಲಿನ್ ಹುಟ್ಟಿ ನೀರಿಗೆ ಹಬ್ಬುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಆ ಹಸಿರೆಲ್ಲ 30ರಿಂದ 50 ನ್ಯಾನೊಮೀಟರ್ ದಪ್ಪದ ನೂಲು! ಅಚ್ಚು ಬೇಡ, ದುಬಾರಿ ಯಂತ್ರ ಬೇಡ. ವಿಜ್ಞಾನದಲ್ಲಿ ಇಂಥ ಸರಳತೆ ಅಪರೂಪ. ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ. ನೂಲುಗಳ ನಡುವೆ ಅನಿಲ ಸಲೀಸಾಗಿ ನುಗ್ಗುವುದರಿಂದ ಉತ್ತರವೂ ಬೇಗ ಸಿಗುತ್ತದೆ.

ಹೈಡ್ರೋಜನ್ ಸಲ್ಫೈಡ್ ಮಾತ್ರ ಇದಕ್ಕೆ ಬಗ್ಗಲಿಲ್ಲ. ಅದು ತೀರ ದುರ್ಬಲ ಆಮ್ಲ, ನೂಲನ್ನು ಅಲುಗಿಸಲಾರದು. ಕೇನರ್ ಮತ್ತು ಸಹಸಂಶೋಧಕರು ನೂಲಿಗೆ ತಾಮ್ರದ ಕ್ಲೋರೈಡ್ ಬೆರೆಸಿದರು. ಅನಿಲ ಬಂದು ತಾಮ್ರವನ್ನು ಹಿಡಿದುಕೊಂಡಾಗ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಕರೆಂಟನ್ನು ಏರಿಸುವುದು ಆ ಆಮ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಜಾಣ ಹೆಜ್ಜೆ ಇದೇ.

ಮಿತಿಗಳೂ ಇವೆ. ತೇವಾಂಶ ಹೆಚ್ಚುಕಡಿಮೆಯಾದರೂ ಪಾಲಿಅನಿಲಿನ್ನಿನ ವಾಹಕತೆ ಬದಲಾಗುತ್ತದೆ, ಮ್ಯಾನ್‌ಹೋಲಿನಲ್ಲಿರುವುದೇ ತೇವ. ಬೆರೆಸಿದ ತಾಮ್ರವೂ ಬಳಕೆಯಾದಂತೆ ಮುಗಿಯುತ್ತದೆ. ಸೆನ್ಸರಿದೆ ಎಂಬ ಧೈರ್ಯದಲ್ಲಿ ಮನುಷ್ಯನನ್ನು ಇಳಿಸುವುದು ತಪ್ಪು. ಸುರಕ್ಷತಾ ಸಾಧನಗಳಿಲ್ಲದೆ ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ನಿಮ್ಮ ಬೀದಿಯಲ್ಲಿ ಯಾರನ್ನಾದರೂ ಇಳಿಸುತ್ತಿದ್ದರೆ ದಯವಿಟ್ಟು ತಡೆಯಿರಿ, ಯಂತ್ರ ತರಿಸಿ ಎಂದು ಪಟ್ಟು ಹಿಡಿಯಿರಿ.