ಹಳ್ಳಿ ನಗರವಾಯಿತು, ನೀರು ಬರಲಿಲ್ಲ
(ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಗರಗಳ ಬೆಳವಣಿಗೆಯ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಮೇಲ್ಸೇತುವೆ, ಮೆಟ್ರೋ, ಮಾಲ್‌ಗಳನ್ನು ಎಣಿಸುತ್ತಾರೆ. ನಾನಿಂದು ನೀರಿನ ಕೊಡದಿಂದ ಮಾತನ್ನು ಆರಂಭಿಸಲು ಬಯಸುತ್ತೇನೆ. ಯಾಕೆಂದರೆ ಒಂದು ನಗರವು ತನ್ನ ನಿವಾಸಿಗಳ ಪೈಕಿ ಯಾರನ್ನು ತನ್ನವರೆಂದು ಬಗೆದಿದೆ ಎಂಬುದು ಅಲ್ಲಿ ತಿಳಿದುಬಿಡುತ್ತದೆ.

2007ರಲ್ಲಿ ಬೆಂಗಳೂರಿನ ಹಳೆಯ ಪಾಲಿಕೆಯೊಂದಿಗೆ 7 ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಒಂದು ಅಧಿಸೂಚನೆಯೊಂದಿಗೆ ಹಳ್ಳಿಗರು ನಗರವಾಸಿಗಳಾದರು. ಜಮೀನಿನ ಬೆಲೆ ಏರಿತು, ಬಡಾವಣೆಗಳು ಎದ್ದವು, ಆಸ್ತಿ ತೆರಿಗೆಯೂ ಬಂತು. ನೀರು? ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆಯ ಉದ್ಘಾಟನೆ ನಡೆದದ್ದು 2024ರ ಅಕ್ಟೋಬರ್‌ನಲ್ಲಿ. 2007ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜಿನ ಮೆಟ್ಟಿಲೇರಿತ್ತು.

ಈ 17 ವರ್ಷಗಳ ಕಾಲ ಅಲ್ಲಿನ ಜನರು ಏನು ಕುಡಿದರು? ಕೊಳವೆ ಬಾವಿಯ ನೀರು. ಅದು ಬತ್ತಿದಾಗ ಟ್ಯಾಂಕರ್ ನೀರು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರಕಾರಿ ಕೊಳವೆ ಬಾವಿಗಳ ಪೈಕಿ ಸುಮಾರು ಅರ್ಧದಷ್ಟು ಒಣಗಿವೆಯೆಂದು ಸರಕಾರವೇ ಹೇಳಿತು. ಟ್ಯಾಂಕರ್ ದರ ಮಿತಿ ಮೀರಿದಾಗ ಜಿಲ್ಲಾಡಳಿತ ದರ ನಿಗದಿಪಡಿಸಿತು: 5 ಕಿಲೋಮೀಟರ್ ಒಳಗೆ 8 ಸಾವಿರ ಲೀಟರಿಗೆ 700 ರೂಪಾಯಿ. ಅದೇ ವೇಳೆಯಲ್ಲಿ ಜಲಮಂಡಳಿಯ ನಳ್ಳಿ ಇದ್ದ ಮನೆಗೆ ಮೊದಲ 8 ಸಾವಿರ ಲೀಟರಿಗೆ ನೀರಿನ ದರ ಸಾವಿರ ಲೀಟರಿಗೆ 7 ರೂಪಾಯಿಯಂತೆ 56 ರೂಪಾಯಿ. ಒಳಚರಂಡಿ ಶುಲ್ಕ ಬೇರೆ, 2025ರ ಏಪ್ರಿಲ್‌ನಲ್ಲಿ ದರ ಏರಿದ್ದೂ ನಿಜ. ಆದರೆ ಲೆಕ್ಕವನ್ನು ಗಮನಿಸಿ. ಸರಕಾರ ನ್ಯಾಯವೆಂದು ಒಪ್ಪಿದ ಟ್ಯಾಂಕರ್ ದರವೇ ನಳ್ಳಿ ನೀರಿನ ಹನ್ನೆರಡು ಪಟ್ಟಿಗಿಂತಲೂ ಹೆಚ್ಚು! ಹಳೆಯ ಬಡಾವಣೆಯ ಬಂಗಲೆಗೆ ಅಗ್ಗದ ನೀರು, ಹೊರವಲಯದ ಒಂಟಿ ಕೋಣೆಯ ಬಾಡಿಗೆದಾರನಿಗೆ ದುಬಾರಿ ನೀರು.

ಆ ಕೋಣೆಗಳಲ್ಲಿ ಇರುವವರು ಯಾರು? ಕಲಬುರಗಿ, ರಾಯಚೂರು, ಯಾದಗಿರಿಯಿಂದ ಬಂದ ಕಟ್ಟಡ ಕಾರ್ಮಿಕರು, ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಮನೆಗೆಲಸದವರು. ಹೆಸರು ಕೇಳಿದೊಡನೆ 'ಮನೆ ಖಾಲಿ ಇಲ್ಲ' ಎಂಬ ಉತ್ತರ ಪಡೆದು ದೂರ ಸರಿದ ನಮ್ಮ ಕುಟುಂಬಗಳೂ ಅವರಲ್ಲಿವೆ. ಟ್ಯಾಂಕರ್ ಬರುವ ಹೊತ್ತಿಗೆ ತಾಯಿ ಮನೆಯಲ್ಲಿರಬೇಕು. ಆಕೆ ಕೆಲಸಕ್ಕೆ ಹೋಗದಿದ್ದರೆ ಅಂದಿನ ಕೂಲಿ ಇಲ್ಲ. ಈ ನಷ್ಟ ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ.

ಬೆಂಗಳೂರು ನದಿತೀರದ ಊರಲ್ಲ, ಕೆರೆಗಳ ಊರು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆಗಳನ್ನು ಮುಚ್ಚಿ, ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪುಗಳಿಂದ ಸುಮಾರು 500 ಮೀಟರ್ ಎತ್ತರಕ್ಕೆ ತರಲಾಗುತ್ತಿದೆ. ಇದನ್ನು ಸಾಧನೆಯೆಂದು ಕೊಂಡಾಡುವವರಿದ್ದಾರೆ. ನನಗಂತೂ ಅದು ಮನೆಯ ಬಾವಿ ಮುಚ್ಚಿ ಪರವೂರಿನಿಂದ ನೀರು ಹೊರುವ ಜಾಣತನದಂತೆ ಕಾಣುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯೂ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದವು. ಫಲಕಗಳು ಬದಲಾದವು. ಪೈಪು ಬಂದ ಬೀದಿಯಲ್ಲೂ ಸಂಪರ್ಕಕ್ಕೆ ಶುಲ್ಕ ಕಟ್ಟಬೇಕು. ಬಾಡಿಗೆದಾರನ ಪಾಲಿಗೆ ಅದು ಮಾಲಿಕನ ಮನಸ್ಸಿಗೆ ಬಿಟ್ಟ ವಿಷಯ.

ಇದು ಬೆಂಗಳೂರಿನ ಕತೆ, ನಮಗೇನು ಎಂದು ನೀವು ಕೇಳಬಹುದು. ನಮ್ಮ ಪಟ್ಟಣಗಳ ಅಂಚಿನಲ್ಲೂ ಗದ್ದೆ, ತೋಟಗಳು ಲೇಔಟ್‌ಗಳಾಗುತ್ತಿವೆ. ಸೈಟು ನೋಡಲು ಹೋದ ನಾವು ರಸ್ತೆಯ ಅಗಲ ಕೇಳುತ್ತೇವೆ, ಖಾತೆ ಕೇಳುತ್ತೇವೆ, ಮಸೀದಿ ಎಷ್ಟು ದೂರವೆಂದೂ ಕೇಳುತ್ತೇವೆ. ನೀರಿನ ಬಗ್ಗೆ 'ಬೋರ್ ಇದೆ' ಎಂಬ ಎರಡು ಪದಗಳಿಗೆ ತೃಪ್ತರಾಗಿ ಮುಂಗಡ ಕೊಟ್ಟು ಬರುತ್ತೇವೆ. ಆ ಬಡಾವಣೆಗೆ ಪುರಸಭೆಯ ನೀರು ಯಾವ ವರ್ಷ ಬರುತ್ತದೆ, ಪಕ್ಕದ ಕೆರೆಯ ಗಡಿ ಎಲ್ಲಿದೆ ಎಂಬುದನ್ನು ಲಿಖಿತವಾಗಿ ಕೇಳಬೇಕಾದದ್ದು ಮುಂಗಡ ಕೊಡುವ ಮೊದಲು.