ವೈದ್ಯರ ಸಮಯ ಯಾರಿಗೆ ಸೇರಿದ್ದು?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯಕೀಯ ಶಿಕ್ಷಣವೆಂದರೆ ನಮ್ಮ ಸಭೆಗಳಲ್ಲಿ ಸೀಟು, ಶುಲ್ಕ, ಪ್ರವೇಶ ಪರೀಕ್ಷೆಗಳ ಮಾತೇ ಹೆಚ್ಚು. ಅವುಗಳ ಬಗ್ಗೆ ಹೇಳಬಲ್ಲವರು ಇಲ್ಲಿ ಅನೇಕರಿದ್ದಾರೆ. ವೈದ್ಯರಾದ ಮೇಲೆ ಎದುರಾಗುವ ಒಂದು ಪ್ರಶ್ನೆಯನ್ನು ನಾನು ಇಂದು ನಿಮ್ಮ ಮುಂದೆ ಇಡಬಯಸುತ್ತೇನೆ. ವೈದ್ಯರ ಸಮಯ ಯಾರಿಗೆ ಸೇರಿದ್ದು? ಹೆಚ್ಚು ಹಣ ಕೊಟ್ಟವರಿಗೆ ಅದನ್ನು ಮಾರಬಹುದೇ? ಮಾರಿದರೆ, ಕೊಂಡವರಿಗಾದರೂ ಒಳ್ಳೆಯ ಚಿಕಿತ್ಸೆ ಸಿಗುತ್ತದೆಯೇ? ಈ ಪ್ರಶ್ನೆಗಳನ್ನು ಪರೀಕ್ಷಿಸಲು ಅಮೆರಿಕದಲ್ಲಿ ಸುಮಾರು ಮೂವತ್ತು ವರ್ಷಗಳಿಂದ ಬೆಳೆದು ಬಂದಿರುವ ಒಂದು ಪದ್ಧತಿ ನಮಗೆ ಸಹಾಯಕವಾಗುತ್ತದೆ. ಅದನ್ನು ಅಲ್ಲಿ ಕಾನ್ಸಿಯರ್ಜ್ ವೈದ್ಯಸೇವೆ ಎನ್ನುತ್ತಾರೆ.

ಕಾನ್ಸಿಯರ್ಜ್ ಎಂಬುದು ಫ್ರೆಂಚ್ ಪದ. ದೊಡ್ಡ ಹೋಟೆಲುಗಳಲ್ಲಿ ಅತಿಥಿಗಳ ಬೇಕು ಬೇಡಗಳನ್ನು ನೋಡಿಕೊಳ್ಳುವ ಸಿಬ್ಬಂದಿಗೆ ಆ ಹೆಸರಿದೆ. ವೈದ್ಯಕೀಯದಲ್ಲಿ ಇದರ ಅರ್ಥವಿಷ್ಟೆ: ರೋಗಿಯು ಕಾಯಿಲೆ ಇರಲಿ, ಇಲ್ಲದಿರಲಿ ವೈದ್ಯರಿಗೆ ವರ್ಷಕ್ಕೊಂದು ಶುಲ್ಕ ಕಟ್ಟುತ್ತಾನೆ. ಅದಕ್ಕೆ ಪ್ರತಿಯಾಗಿ ವೈದ್ಯರು ಕೆಲವೇ ರೋಗಿಗಳನ್ನು ಇಟ್ಟುಕೊಂಡು, ಅವರು ಕರೆದಾಗ ಫೋನಿಗೆ ಸಿಗುತ್ತಾರೆ, ಅಂದೇ ನೋಡುತ್ತಾರೆ, ಅಗತ್ಯವಿದ್ದರೆ ಮನೆಗೂ ಬರುತ್ತಾರೆ.

ಇದು ಹುಟ್ಟಿದ ಬಗೆ

1996ರಲ್ಲಿ ಸಿಯಾಟಲ್ ನಗರದಲ್ಲಿ ಹೊವಾರ್ಡ್ ಮರೋನ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಯೊಬ್ಬರೊಡನೆ ಎಂ.ಡಿ. ಸ್ಕ್ವೇರ್ಡ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅವರು ಮೊದಲು ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದ ವೈದ್ಯರಾಗಿದ್ದರು. ಆಟಗಾರರಿಗೆ ಸಿಗುವಂಥ ಆರೈಕೆಯನ್ನು ಇತರರಿಗೂ ಏಕೆ ಮಾರಬಾರದು ಎಂಬುದೇ ಇದರ ಹಿಂದಿನ ಯೋಚನೆ. ಒಬ್ಬ ವೈದ್ಯರಿಗೆ 50 ಕುಟುಂಬಗಳು ಮಾತ್ರ. ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ ಸುಮಾರು 20 ಸಾವಿರ ಡಾಲರ್‌ವರೆಗೆ ಶುಲ್ಕವಿತ್ತು. 2000ದಲ್ಲಿ ಫ್ಲೋರಿಡಾದಲ್ಲಿ ಆರಂಭವಾದ ಎಂ.ಡಿ.ವಿ.ಐ.ಪಿ. ಎಂಬ ಕಂಪನಿ ಇದನ್ನೇ ಮೇಲ್ಮಧ್ಯಮ ವರ್ಗಕ್ಕೆ ತಂದಿತು. ಅಲ್ಲಿ ಆರಂಭದ ಶುಲ್ಕ ವರ್ಷಕ್ಕೆ 1,500 ಡಾಲರ್, ವೈದ್ಯರೊಬ್ಬರಿಗೆ ಹೆಚ್ಚೆಂದರೆ 600 ರೋಗಿಗಳು. ಸಾಬೂನು, ಟೂತ್‌ಪೇಸ್ಟ್ ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 2009ರಲ್ಲಿ ಈ ಸಂಸ್ಥೆಯನ್ನು ಕೊಂಡು ಕೆಲವು ವರ್ಷ ನಡೆಸಿತು ಎಂದರೆ, ವ್ಯಾಪಾರಿಗಳಿಗೆ ಇದರಲ್ಲಿ ಎಂಥ ಲಾಭ ಕಂಡಿತೆಂಬುದು ನಿಮಗೆ ಅರ್ಥವಾಗುತ್ತದೆ.

ಇದಕ್ಕೆ ಸೇರಿದ ವೈದ್ಯರೆಲ್ಲ ಹಣದಾಸೆಯವರು ಎಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅಮೆರಿಕದ ಸಾಮಾನ್ಯ ಕುಟುಂಬ ವೈದ್ಯರ ಪಟ್ಟಿಯಲ್ಲಿ 2,000ಕ್ಕೂ ಹೆಚ್ಚು ರೋಗಿಗಳಿರುವುದು ವಾಡಿಕೆ. ವಿಮಾ ಕಂಪನಿಗಳ ಕಾಗದಪತ್ರಗಳೂ ದಿನದ ಸಾಕಷ್ಟು ಸಮಯವನ್ನು ನುಂಗುತ್ತವೆ. ರೋಗಿಯ ಮುಖ ನೋಡಿ ಮಾತನಾಡಲು ಬಿಡುವಿಲ್ಲವೆಂದು ಕೊರಗುತ್ತಿದ್ದ ಒಳ್ಳೆಯ ವೈದ್ಯರೂ ಈ ದಾರಿ ಹಿಡಿದರು. ಅವರ ಕೊರಗು ನಿಜವಾದದ್ದೇ. ಆದರೆ ಅವರು ಕಂಡುಕೊಂಡ ಪರಿಹಾರದ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ನೋಡಬೇಕು.

ಒಂದು ಸರಳ ಲೆಕ್ಕ

2,400 ರೋಗಿಗಳಿರುವ ಒಬ್ಬ ವೈದ್ಯರು 600 ಮಂದಿಯನ್ನು ಮಾತ್ರ ಉಳಿಸಿಕೊಂಡರೆ 1,800 ಮಂದಿ ಹೊರಗುಳಿಯುತ್ತಾರೆ. ಅವರು ಮತ್ತೊಬ್ಬ ವೈದ್ಯರ ಬಾಗಿಲಿಗೆ ಹೋಗುತ್ತಾರೆ. ಆ ಬಾಗಿಲಲ್ಲಿ ಮೊದಲೇ ಸಾಲು ಇರುತ್ತದೆ. ಈಗ ಅದು ಇನ್ನಷ್ಟು ಉದ್ದವಾಗುತ್ತದೆ. ಬಂಗಲೆಯೊಂದನ್ನು ಒಬ್ಬರು ಕೊಂಡರೆ ಮತ್ತೊಂದನ್ನು ಕಟ್ಟಬಹುದು. ವೈದ್ಯರ ಗಂಟೆಗಳು ಹಾಗಲ್ಲ. ಒಬ್ಬ ವೈದ್ಯರು ತಯಾರಾಗಲು ಹತ್ತು ಹನ್ನೆರಡು ವರ್ಷ ಬೇಕು. ಅಮೆರಿಕದಲ್ಲಿ ಪದವಿಯ ನಂತರದ ಆಸ್ಪತ್ರೆ ತರಬೇತಿಯ ಖರ್ಚಿನ ದೊಡ್ಡ ಭಾಗವನ್ನು ಮೆಡಿಕೇರ್ ಮುಂತಾದ ಸಾರ್ವಜನಿಕ ನಿಧಿಗಳೇ ಭರಿಸುತ್ತವೆ. ಎಲ್ಲರ ಹಣದಿಂದ ತಯಾರಾದ ವೈದ್ಯರು ಕೆಲವರಿಗಷ್ಟೇ ಮೀಸಲಾಗುವುದು ಸರಿಯೇ ಎಂಬುದು ಇಲ್ಲಿನ ನೈತಿಕ ಪ್ರಶ್ನೆ.

ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ನೀತಿ ಸಮಿತಿ 2003ರಲ್ಲಿ ಇದರ ಬಗ್ಗೆ ವರದಿ ನೀಡಿತು. ಪದ್ಧತಿಯನ್ನು ಅದು ನಿಷೇಧಿಸಲಿಲ್ಲ. ಆದರೆ ಶುಲ್ಕ ಕಟ್ಟಲಾಗದ ರೋಗಿಗಳನ್ನು ನಡುನೀರಿನಲ್ಲಿ ಕೈಬಿಡಬಾರದು, ಅವರಿಗೆ ಬೇರೆ ವೈದ್ಯರು ಸಿಗುವಂತೆ ನೆರವಾಗಬೇಕು, ಬಡವರಿಗೆ ಚಿಕಿತ್ಸೆ ನೀಡುವ ವೃತ್ತಿಧರ್ಮ ತಪ್ಪಬಾರದು ಎಂದಿತು. ಜೊತೆಗೆ, ಶುಲ್ಕ ಕಟ್ಟಿದವರಿಗೆ ಮೇಲುಮಟ್ಟದ ರೋಗಪತ್ತೆ, ಮೇಲುಮಟ್ಟದ ಚಿಕಿತ್ಸೆ ದೊರೆಯುತ್ತದೆಂದು ಪ್ರಚಾರ ಮಾಡಬಾರದು ಎಂದೂ ಹೇಳಿತು. ಈ ಕೊನೆಯ ಮಾತನ್ನು ಗಮನಿಸಿ. ಚಿಕಿತ್ಸೆಯ ಗುಣಮಟ್ಟ ಎಲ್ಲರಿಗೂ ಒಂದೇ ಇರಬೇಕೆಂದು ವೃತ್ತಿಧರ್ಮ ಹೇಳುತ್ತದೆ. ಹಾಗಿದ್ದರೆ ಶ್ರೀಮಂತರು ಕೊಳ್ಳುತ್ತಿರುವುದಾದರೂ ಏನನ್ನು?

ಕೊಳ್ಳುವುದು ಎರಡು ವಸ್ತುಗಳನ್ನು

ನನ್ನ ದೃಷ್ಟಿಯಲ್ಲಿ ಅವರು ಎರಡು ಬೇರೆ ಬೇರೆ ವಸ್ತುಗಳನ್ನು ಕೊಳ್ಳುತ್ತಾರೆ. ಮೊದಲನೆಯದು, ತಮ್ಮನ್ನು ಬಲ್ಲ ವೈದ್ಯರ ಸಮಯ. ಇದು ನಿಜಕ್ಕೂ ಬೆಲೆಯುಳ್ಳದ್ದು. ಒಬ್ಬರೇ ವೈದ್ಯರು ಹಲವು ವರ್ಷ ನೋಡಿಕೊಂಡರೆ ಏನಾಗುತ್ತದೆ ಎಂಬ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ 22 ಅಧ್ಯಯನಗಳನ್ನು 2018ರಲ್ಲಿ ಬ್ರಿಟನ್ನಿನ ತಂಡವೊಂದು ಒಟ್ಟಿಗೆ ಪರಿಶೀಲಿಸಿತು. ಅವುಗಳಲ್ಲಿ 18 ಅಧ್ಯಯನಗಳು, ಇಂಥ ನಿರಂತರ ಸಂಬಂಧ ಇದ್ದಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ತೋರಿಸಿದ್ದವು.

ಎರಡನೆಯದು, ಕೇಳಿದ್ದೆಲ್ಲ ಸಿಗುವ ಸೌಲಭ್ಯ. ಹೆಚ್ಚು ಪರೀಕ್ಷೆ, ಹೆಚ್ಚು ಸ್ಕ್ಯಾನಿಂಗ್, ಹೆಚ್ಚು ಔಷಧಿ. ಇಲ್ಲಿ ಹಣವಂತರು ಮೋಸಹೋಗುತ್ತಾರೆ. ದಕ್ಷಿಣ ಕೊರಿಯಾದ ಅನುಭವ ನೋಡಿ. ಅಲ್ಲಿ 1999ರಲ್ಲಿ ಆರಂಭವಾದ ಸರಕಾರಿ ಕ್ಯಾನ್ಸರ್ ತಪಾಸಣೆಯ ಜೊತೆಗೆ, ಸ್ವಲ್ಪ ಹೆಚ್ಚು ಹಣ ಕೊಟ್ಟವರಿಗೆ ಥೈರಾಯ್ಡ್ ಗ್ರಂಥಿಯ ಅಲ್ಟ್ರಾಸೌಂಡ್ ಮಾಡುವ ರೂಢಿ ಹರಡಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಆದರೆ ಆ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಇದ್ದಲ್ಲೇ ಇತ್ತು. ಎಂದೂ ತೊಂದರೆ ಕೊಡದಿದ್ದ ಸಣ್ಣ ಗಂಟುಗಳಿಗಾಗಿ ಸಾವಿರಾರು ಮಂದಿ ಗ್ರಂಥಿಯನ್ನೇ ತೆಗೆಸಿಕೊಂಡು ಜೀವನವಿಡೀ ಮಾತ್ರೆ ನುಂಗುವಂತಾಯಿತು. ಕಾಯಿಲೆಯ ಲಕ್ಷಣವಿಲ್ಲದವರಿಗೆ ಮಾಡುವ ಸಾಮಾನ್ಯ ಆರೋಗ್ಯ ತಪಾಸಣೆಗಳ ಬಗ್ಗೆ ಕಾಕ್ರೇನ್ ಸಂಸ್ಥೆಯವರು 2012ರಲ್ಲಿ, ಮತ್ತೆ 2019ರಲ್ಲಿ ಮಾಡಿದ ಪರಿಶೀಲನೆಗಳಲ್ಲೂ ಅವುಗಳಿಂದ ಸಾವಿನ ಪ್ರಮಾಣ ಇಳಿದದ್ದು ಕಂಡುಬರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದಿದೆ. ಗಣ್ಯ ರೋಗಿಯ ಮುಂದೆ ವೈದ್ಯರು ತಮ್ಮ ಎಂದಿನ ಕ್ರಮವನ್ನು ಬಿಟ್ಟು, ಅವರ ಮನಸ್ಸಿಗೆ ಬಂದಂತೆ ನಡೆಯತೊಡಗುವುದು. 1964ರಲ್ಲಿ ವಾಲ್ಟರ್ ವೈನ್‌ಟ್ರಾಬ್ ಎಂಬ ಅಮೆರಿಕದ ಮನೋವೈದ್ಯರು ಇದಕ್ಕೆ ವಿ.ಐ.ಪಿ. ಸಿಂಡ್ರೋಮ್ ಎಂದು ಹೆಸರಿಟ್ಟರು. ಗಾಯಕ ಮೈಕೆಲ್ ಜಾಕ್ಸನ್ ಅವರ ಸಾವು ನಿಮಗೆಲ್ಲ ಗೊತ್ತಿರುವಂಥದ್ದು. ಅವರ ಖಾಸಗಿ ವೈದ್ಯರೊಂದಿಗೆ ತಿಂಗಳಿಗೆ ಒಂದೂವರೆ ಲಕ್ಷ ಡಾಲರಿನ ಒಪ್ಪಂದದ ಮಾತುಕತೆ ನಡೆದಿತ್ತು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಬಳಸಬೇಕಾದ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದನ್ನು, ನಿದ್ದೆ ಬರಲೆಂದು ಮನೆಯ ಮಲಗುವ ಕೋಣೆಯಲ್ಲಿ ನೀಡಲಾಯಿತು. 2009ರ ಜೂನ್ 25ರಂದು ಅವರು ತೀರಿಕೊಂಡರು. 2011ರಲ್ಲಿ ಆ ವೈದ್ಯರು ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಬಡವನಿಗೆ ಯಾವ ವೈದ್ಯರೂ ಆ ಮದ್ದನ್ನು ಮನೆಗೆ ತಂದು ಕೊಡುತ್ತಿರಲಿಲ್ಲ. "ಆಗುವುದಿಲ್ಲ" ಎಂದು ಹೇಳಬಲ್ಲ ವೈದ್ಯರು ಸಿಗುವುದೂ ಒಂದು ಭಾಗ್ಯವೇ.

ಈ ಎರಡೂ ವಸ್ತುಗಳನ್ನು ಒಟ್ಟಿಗೆ ಕೊಂಡರೆ ಆಗುವ ಫಲವೇನು? ಎಂ.ಡಿ.ವಿ.ಐ.ಪಿ. ಸಂಸ್ಥೆಗೆ ಸೇರಿದವರೇ ಪಾಲ್ಗೊಂಡು ಪ್ರಕಟಿಸಿದ 2012ರ ಅಧ್ಯಯನವು, ತಮ್ಮ ರೋಗಿಗಳು ಆಸ್ಪತ್ರೆಗೆ ದಾಖಲಾಗುವುದು ಕಡಿಮೆ ಎಂದಿತ್ತು. ಆದರೆ ಇಂಥ ಶುಲ್ಕ ಕಟ್ಟುವವರು ಮೊದಲೇ ಅನುಕೂಲಸ್ಥರು, ಆರೋಗ್ಯದ ಕಾಳಜಿ ಉಳ್ಳವರು. ಹೋಲಿಕೆ ಸಮನಾಗುವುದು ಕಷ್ಟ. ಅರ್ಥಶಾಸ್ತ್ರಜ್ಞರು 2023ರಲ್ಲಿ ಪ್ರಕಟಿಸಿದ ಮತ್ತೊಂದು ಅಧ್ಯಯನ ಈ ತೊಡಕನ್ನು ನಿವಾರಿಸಲು ಪ್ರಯತ್ನಿಸಿತು. ಈ ಪದ್ಧತಿಗೆ ಸೇರಿದವರ ಒಟ್ಟು ವೈದ್ಯಕೀಯ ಖರ್ಚು ಶೇಕಡಾ 30ರಿಂದ 50ರಷ್ಟು ಏರಿತು. ಸಾವಿನ ಪ್ರಮಾಣದಲ್ಲಿ ಸರಾಸರಿ ವ್ಯತ್ಯಾಸ ಕಾಣಲಿಲ್ಲ.

ಅರಮನೆ ಮತ್ತು ಅಂಗಳ

ಶ್ರೀಮಂತರಿಗೆ ಪ್ರತ್ಯೇಕ ವೈದ್ಯರು ಎಂಬುದು ಹೊಸದೇನಲ್ಲ. ಹಿಂದೆ ಅರಸರ ಆಸ್ಥಾನಗಳಲ್ಲಿ ಹಕೀಮರಿದ್ದರು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಸುಲ್ತಾನನ ಆಸ್ಥಾನ ವೈದ್ಯರಾಗಿದ್ದ ಯಹೂದಿ ವಿದ್ವಾಂಸ ಮೂಸಾ ಇಬ್ನ್ ಮೈಮೂನ್ ಅವರು 1199ರಲ್ಲಿ ಬರೆದ ಪತ್ರವೊಂದು ಉಳಿದುಬಂದಿದೆ. ಬೆಳಿಗ್ಗೆ ಅರಮನೆಗೆ ಹೋಗಿ, ಮಧ್ಯಾಹ್ನ ಕಳೆದ ಮೇಲೆ ಹಸಿದು ಮನೆಗೆ ಬಂದರೆ, ಅಂಗಳದ ತುಂಬ ಜನ. ಎಲ್ಲ ಧರ್ಮದವರು, ದೊಡ್ಡವರು, ಸಾಮಾನ್ಯರು. ಒಂದಿಷ್ಟು ಉಂಡು, ರಾತ್ರಿಯವರೆಗೆ ಅವರನ್ನೆಲ್ಲ ನೋಡಿ, ಕೊನೆಗೆ ಆಯಾಸದಿಂದ ಮಲಗಿಕೊಂಡೇ ಮದ್ದು ಹೇಳುತ್ತಿದ್ದರಂತೆ. ಅರಮನೆಯ ಸೇವೆ ಅವರು ಬಿಡಲಿಲ್ಲ. ಆದರೆ ಅದಕ್ಕಾಗಿ ಅಂಗಳದ ಬಾಗಿಲನ್ನು ಮುಚ್ಚಲಿಲ್ಲ.

ಅವರ ನಂತರ ಸುಮಾರು 80 ವರ್ಷಗಳಿಗೆ, 1284ರಲ್ಲಿ, ಸುಲ್ತಾನ್ ಕಲಾವೂನ್ ಕೈರೋದಲ್ಲಿ ಮನ್ಸೂರಿ ಆಸ್ಪತ್ರೆಯನ್ನು ಕಟ್ಟಿಸತೊಡಗಿದ. ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿದ್ದ ಅಲ್ಲಿ ಬಡವ ಬಲ್ಲಿದ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಉಚಿತ ಚಿಕಿತ್ಸೆ ಇತ್ತು. ವೈದ್ಯರ ಸಂಬಳವನ್ನು ವಕ್ಫ್ ಕೊಡುತ್ತಿದ್ದುದರಿಂದ ರೋಗಿಯ ಜೇಬನ್ನು ನೋಡುವ ಅಗತ್ಯ ಅವರಿಗಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲೂ ಇದಕ್ಕೆ ಸಾಕ್ಷಿಯಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಗ್ಲಿನ್‌ಕೋರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರಿದ್ದರು. ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಈ ಅನ್ಯಾಯ ಹೆಚ್ಚುತ್ತದೆ ಎಂದು 1971ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಬರೆದು ಸುಮ್ಮನಾಗಲಿಲ್ಲ. ಹಳ್ಳಿಯ ವಯಸ್ಕರೆಲ್ಲರ ರಕ್ತದೊತ್ತಡವನ್ನು ಅಳೆದು, ಯಾರನ್ನೂ ಬಿಡದೆ ದಶಕಗಳ ಕಾಲ ಹಿಂಬಾಲಿಸಿದರು. 25 ವರ್ಷಗಳ ಈ ಕೆಲಸದ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಪಕ್ಕದ ಹಳ್ಳಿಗಿಂತ ಅಲ್ಲಿ ಅಕಾಲ ಸಾವುಗಳು ಕಡಿಮೆಯಿದ್ದವು. ಕಾನ್ಸಿಯರ್ಜ್ ವೈದ್ಯರು ಮಾರುವ ಆ ಮೊದಲನೆಯ ವಸ್ತುವನ್ನು ಅವರು ಗಣಿ ಕಾರ್ಮಿಕರಿಗೆ ಶುಲ್ಕವಿಲ್ಲದೆ ಕೊಟ್ಟರು. ಅವರ ಸಂಬಳವನ್ನು ರಾಷ್ಟ್ರೀಯ ಆರೋಗ್ಯ ಸೇವೆ ನೀಡುತ್ತಿತ್ತು.

ಕಡಿಮೆ ಶುಲ್ಕದಲ್ಲಿ ಇದೇ ಸೇವೆಯನ್ನು ನೀಡುವ ಪ್ರಯತ್ನ ಸಿಯಾಟಲ್‌ನಲ್ಲೂ ನಡೆಯಿತು. 2007ರಲ್ಲಿ ಆರಂಭವಾದ ಕ್ವಾಲಿಯನ್ಸ್ ಎಂಬ ಸಂಸ್ಥೆ ಸಾಧಾರಣ ಮಾಸಿಕ ಶುಲ್ಕಕ್ಕೆ ಜನಸಾಮಾನ್ಯರನ್ನು ನೋಡುತ್ತಿತ್ತು. ಅದು 2017ರಲ್ಲಿ ಮುಚ್ಚಿಹೋಯಿತು. ಸದುದ್ದೇಶವೊಂದೇ ಸಾಲದು, ವೈದ್ಯರ ವೇತನಕ್ಕೆ ನಿಂತ ನೆಲೆಯೊಂದು ಬೇಕು. ಕೈರೋದಲ್ಲಿ ವಕ್ಫ್, ವೇಲ್ಸ್‌ನಲ್ಲಿ ಸರಕಾರ ಆ ನೆಲೆಯಾಗಿದ್ದವು.

ನಾವೇನು ಮಾಡಬಹುದು?

ಈಗ ನಮ್ಮ ಕಡೆಗೆ ಬರೋಣ. 67 ದೇಶಗಳಲ್ಲಿ ವೈದ್ಯರು ರೋಗಿಗೆ ಕೊಡುವ ಸಮಯದ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಸ್ವೀಡನ್‌ನಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ನಮ್ಮ ದೇಶದಲ್ಲಿ ಸುಮಾರು ಎರಡು ನಿಮಿಷ. ನಮ್ಮ ಖಾಸಗಿ ಆಸ್ಪತ್ರೆಗಳೂ ತಪಾಸಣೆಯ ಪ್ಯಾಕೇಜುಗಳನ್ನು ಜಾಹೀರಾತು ಕೊಟ್ಟು ಮಾರುತ್ತವೆ. ಆದ್ದರಿಂದ ಮೂರು ಮಾತುಗಳನ್ನು ಹೇಳಿ ಮುಗಿಸುತ್ತೇನೆ.

ಸದಸ್ಯರೇ, ರೋಗಿಗಳಾಗಿ ನೀವು ಪದೇ ಪದೇ ವೈದ್ಯರನ್ನು ಬದಲಾಯಿಸಬೇಡಿ. ಚೀಟಿಗಳನ್ನು, ವರದಿಗಳನ್ನು ಒಂದೇ ಫೈಲಿನಲ್ಲಿ ಇಡಿ. ಪರೀಕ್ಷೆ ಬರೆದುಕೊಟ್ಟಾಗ, ಇದರ ಫಲಿತಾಂಶದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ ಎಂದು ವಿನಯದಿಂದ ಕೇಳಿ. ಹಣವಿದೆಯೆಂದು ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಡಿ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾಗುವಿರಿ. ಶ್ರೀಮಂತರ ಮನೆಗೆ ಹೋಗಿ ನೋಡುವುದು ತಪ್ಪಲ್ಲ. ಅಲ್ಲಿ "ಇದು ನಿಮಗೆ ಬೇಡ" ಎನ್ನುವ ಧೈರ್ಯ ನಿಮಗಿರಬೇಕು. ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಎರಡು ನಿಮಿಷವನ್ನು ಐದಾಗಿಸುವ ಮನಸ್ಸಿರಬೇಕು.

ಕೊನೆಯದಾಗಿ, ನಮ್ಮ ಸಂಘ ಸಂಸ್ಥೆಗಳಿಗೊಂದು ವಿನಂತಿ. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ ಉಚಿತ ವೈದ್ಯಕೀಯ ಶಿಬಿರ ನಡೆಸುತ್ತೇವೆ. ನೂರಾರು ಮಂದಿಯ ರಕ್ತದೊತ್ತಡ, ಸಕ್ಕರೆ ಅಂಶ ನೋಡುತ್ತೇವೆ. ಮರುದಿನ ಅವರನ್ನು ಕೇಳುವವರಿಲ್ಲ. ಅದೇ ಹಣದಲ್ಲಿ ಒಬ್ಬರೇ ವೈದ್ಯರು ವಾರಕ್ಕೊಂದು ಸಂಜೆ ಒಂದೇ ಜಾಗದಲ್ಲಿ ಕುಳಿತು, ಒಂದು ಮೊಹಲ್ಲಾದ ಇನ್ನೂರು ಮಂದಿಯ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು, ವರ್ಷವಿಡೀ ನೋಡುವಂತೆ ಮಾಡಲಾಗದೇ? ಸಿಯಾಟಲ್ ನಗರದ 50 ಕುಟುಂಬಗಳು 20 ಸಾವಿರ ಡಾಲರ್ ಕೊಟ್ಟು ಕೊಂಡದ್ದು ಮುಖ್ಯವಾಗಿ ಇದನ್ನೇ: ತಮ್ಮ ಹೆಸರು ಬಲ್ಲ ಒಬ್ಬ ವೈದ್ಯರನ್ನು. ಇದನ್ನು ಬರುವ ವರ್ಷ ಒಂದು ಮೊಹಲ್ಲಾದಿಂದ ಆರಂಭಿಸಬೇಕೆಂದು ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ.