ಜಗಲಿಯಲ್ಲಿ ಕಟ್ಟಿದ ಹೆಲಿಕಾಪ್ಟರ್

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಎಸ್ಸೆಸ್ಸೆಲ್ಸಿಯಿಂದ ಮುಂದೆ ಓದಿದವನಲ್ಲ. ಅಂಥವನು ಇವತ್ತು ನಿಮಗೆ ಹೆಲಿಕಾಪ್ಟರ್ ಕಟ್ಟುವ ವಿಷಯ ಹೇಳಲು ಕೂತಿದ್ದೇನೆ. ನಗಬೇಡಿ. ಹಾರುವ ಹೆಲಿಕಾಪ್ಟರ್ ಅಲ್ಲ, ಅಂಗೈ ಮೇಲೆ ನಿಲ್ಲುವ ಪ್ಲಾಸ್ಟಿಕ್ ಮಾದರಿ. ನಾನು ಅದರಲ್ಲಿ ಪಳಗಿದವನೂ ಅಲ್ಲ. ಒಂದೇ ಒಂದನ್ನು ಕಟ್ಟಿದ್ದೇನೆ, ಅದರಲ್ಲೂ ಮೂರು ನಾಲ್ಕು ತಪ್ಪು ಮಾಡಿದ್ದೇನೆ. ಆ ತಪ್ಪುಗಳನ್ನು ಹೇಳಿದರೆ ನಿಮಗೆ ಉಪಯೋಗವಾದೀತು ಎಂದು ಬಂದಿದ್ದೇನೆ.

ಹೋದ ವರ್ಷ ವಿಷುವಿನ ಮೊದಲು ದುಬಾಯಿಯಲ್ಲಿರುವ ಮಗ ಊರಿಗೆ ಬಂದಾಗ ಐದನೇ ಕ್ಲಾಸಿನ ಮೊಮ್ಮಗನಿಗೆ ಒಂದು ಪೆಟ್ಟಿಗೆ ತಂದ. ಮೇಲೆ ಹೆಲಿಕಾಪ್ಟರಿನ ಚಿತ್ರ. ಹುಡುಗನಿಗೆ ಸಂತೋಷವೋ ಸಂತೋಷ. ಆದರೆ ನನ್ನ ಮನೆಯವಳು ಆ ಚಿತ್ರ ನೋಡಿದವಳೇ, "ಅದು ಈ ಮನೆಯ ಒಳಗೆ ಬೇಡ" ಎಂದಳು.

ಯಾಕೆಂದು ನಮ್ಮ ಕಾಸರಗೋಡಿನ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಕೇಳುಗರಿಗಾಗಿ ಹೇಳುತ್ತೇನೆ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ನಮ್ಮ ಗುಡ್ಡಗಳ ಗೇರು ತೋಟಕ್ಕೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ನನ್ನ ಹೆಂಡತಿಯ ತವರು ಎಣ್ಮಕಜೆಯ ಕಡೆ, ಅಂಥ ಒಂದು ಗುಡ್ಡದ ಬುಡದಲ್ಲಿ. ಸದ್ದು ಕೇಳಿದ ಕೂಡಲೇ ಬಾವಿಗೆ ಮಡಲು ಮುಚ್ಚಲು ಓಡುತ್ತಿದ್ದರಂತೆ. ಬಾವಿಗೆ ಮುಚ್ಚಬಹುದು, ಸುರಂಗದಿಂದ ಹರಿದು ಬಂದು ಬಯಲಲ್ಲಿ ನಿಲ್ಲುವ ನೀರಿಗೆ ಏನು ಮುಚ್ಚುವುದು? ಅವಳ ತಮ್ಮನ ಮಗಳು ಹುಟ್ಟಿದ ಮೇಲೆ ಒಂದು ದಿನವೂ ಎದ್ದು ನಡೆದವಳಲ್ಲ. ನಾನೂ ಕೌಂಟರಿನ ಈಚೆ ಕೂತು, ತಿಂಗಳ ಸಹಾಯಧನ ತೆಗೆಯಲು ದೊಡ್ಡ ಮಕ್ಕಳನ್ನು ಸೊಂಟದಲ್ಲಿ ಹೊತ್ತು ತಂದ ತಾಯಂದಿರ ಪಾಸ್‌ಬುಕ್ಕು ಬರೆದಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧವನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಆದರೆ ನಮ್ಮಲ್ಲಿ ಹಿರಿಯರ ಕಿವಿಯೊಳಗೆ ಆ ಸದ್ದು ಇನ್ನೂ ಇದೆ.

ಹುಡುಗನ ಮುಖ ಬಾಡಿತು. ಕೊನೆಗೆ ಒಂದು ಒಪ್ಪಂದವಾಯಿತು. ಕೆಲಸ ಏನಿದ್ದರೂ ಹೊರಗಿನ ಜಗಲಿಯಲ್ಲಿ, ಒಳಗೆ ತರಕೂಡದು.

ಪೆಟ್ಟಿಗೆ ಬಿಚ್ಚಿದರೆ ಹೆಲಿಕಾಪ್ಟರ್ ಇಲ್ಲ! ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ಸಣ್ಣ ಸಣ್ಣ ತುಂಡುಗಳು, ಪ್ರತಿಯೊಂದಕ್ಕೂ ಒಂದು ನಂಬರು. ಜೊತೆಗೆ ಒಂದು ಚಿತ್ರದ ಹಾಳೆ. ಅದರಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ, ಇಂಗ್ಲಿಷೂ ನಾಲ್ಕೇ ಮಾತು. ಕಚೇರಿಯಿಂದ ಬಂದ ಕಾಗದ ಯಾವ ಭಾಷೆಯಲ್ಲಿದೆ ಎಂದು ಮೊದಲು ನೋಡುವ ಅಭ್ಯಾಸ ನಮ್ಮದು. ಇಲ್ಲಿ ಆ ತಾಪತ್ರಯವೇ ಇಲ್ಲ. ಚಿತ್ರ ನೋಡು, ನಂಬರು ಹುಡುಕು, ಜೋಡಿಸು.

ಪೆಟ್ಟಿಗೆಯ ಮೇಲೆ 1/72 ಎಂದಿತ್ತು. ಅಸಲಿನ ಎಪ್ಪತ್ತೆರಡನೇ ಒಂದು ಪಾಲು ಎಂದರ್ಥ. ಲೆಕ್ಕ ಸುಲಭ. ಆರು ಅಡಿ ಅಂದರೆ ಎಪ್ಪತ್ತೆರಡು ಇಂಚು, ಹಾಗಾಗಿ ಆರಡಿಯ ಆಳು ಇಲ್ಲಿ ಒಂದು ಇಂಚು. ಹೆಲಿಕಾಪ್ಟರು ಫ್ರಾನ್ಸಿನ ಅಲುಯೆಟ್-3. ಅದು ಮೊದಲು ಹಾರಿದ್ದು 1959ರಲ್ಲಿ. 1965ರಿಂದ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲೂ ತಯಾರಾಯಿತು. ನಮ್ಮ ದೇಶದಲ್ಲಿ ಅದಕ್ಕೆ ಚೇತಕ್ ಎಂದು ಹೆಸರು, ರಾಣಾ ಪ್ರತಾಪನ ಕುದುರೆಯ ಹೆಸರು. ಪೈಲಟ್ ಸೇರಿ ಏಳು ಜನ ಕೂರಬಹುದು. ಮೇಲಿನ ರೆಕ್ಕೆಗಳ ಸುತ್ತಳತೆಯ ವ್ಯಾಸ ಅಸಲಿನಲ್ಲಿ 11 ಮೀಟರು, ನಮ್ಮದರಲ್ಲಿ 15 ಸೆಂಟಿಮೀಟರು ಚಿಲ್ಲರೆ.

"ಅಜ್ಜ, ವಿಷ ಹಾಕಿದ್ದು ಇದೇ ಹೆಲಿಕಾಪ್ಟರಾ?" ಎಂದು ಹುಡುಗ ಕೇಳಿದ. ನನಗೆ ಬಂದ ಉತ್ತರ ಇಷ್ಟೇ: "ಯಾವುದೆಂದು ನಮಗೆ ಯಾರೂ ಹೇಳಿರಲಿಲ್ಲ ಮಗಾ. ನಮಗೆ ಸಿಕ್ಕಿದ್ದು ಸದ್ದು ಮತ್ತು ವಾಸನೆ."

ಇನ್ನು ಕೆಲಸದ ಕ್ರಮ ಹೇಳುತ್ತೇನೆ. ಮೊದಲು ಟ್ಯಾಲಿ. ಚಿತ್ರದ ಹಾಳೆ ಹಿಡಿದು ಎಲ್ಲ ತುಂಡುಗಳೂ ಇವೆಯೇ ಎಂದು ಲೆಕ್ಕ ಮಾಡಿ. ಬ್ಯಾಂಕಿನಲ್ಲಿ ಒಂದು ರೂಪಾಯಿ ಕಡಿಮೆ ಬಿದ್ದರೂ ರಾತ್ರಿ ಮನೆಗೆ ಹೋಗುವ ಹಾಗಿಲ್ಲ, ಇಲ್ಲಿಯೂ ಹಾಗೆಯೇ. ಎರಡನೆಯದು, ಚೌಕಟ್ಟುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಪಸೆ ಇರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಮೂರನೆಯದು, ತುಂಡುಗಳನ್ನು ತಿರುಚಿ ಮುರಿಯಬೇಡಿ, ಎಲ್ಲವನ್ನೂ ಒಟ್ಟಿಗೆ ಬಿಡಿಸಿಡಲೂ ಬೇಡಿ. ಬೇಕಾದಾಗ ಬೇಕಾದದ್ದನ್ನು ಮಾತ್ರ ಕತ್ತರಿಸಿ. ನಾವು ಉಗುರು ಕತ್ತರಿಯಲ್ಲೇ ಸುಧಾರಿಸಿದೆವು. ತುಂಡಿನಿಂದ ಸ್ವಲ್ಪ ದೂರಕ್ಕೆ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಿಂದ ತೆಗೆದು, 400 ನಂಬರಿನ ಮರಳು ಕಾಗದದಲ್ಲಿ ಉಜ್ಜಿದರೆ ನುಣುಪಾಗುತ್ತದೆ. ಬ್ಲೇಡು ಹಿರಿಯರ ಕೈಯಲ್ಲೇ ಇರಲಿ. ಬಿಡಿಸಿದ ತುಂಡುಗಳನ್ನು ಅಡಿಕೆ ಹಾಳೆಯ ತಟ್ಟೆಯಲ್ಲಿ ಹಾಕಿದರೆ ಉರುಳಿ ಹೋಗುವುದಿಲ್ಲ.

ಅಂಟಿನಲ್ಲಿ ನಾನು ಮೊದಲ ತಪ್ಪು ಮಾಡಿದೆ. ಇದು ಕಾಗದಕ್ಕೆ ಹಾಕುವ ಗೋಂದಿನ ಹಾಗಲ್ಲ. ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂದು ಧಾರಾಳವಾಗಿ ಹಚ್ಚಿದೆ. ಅದು ಬದಿಯಿಂದ ಹೊರಗೆ ಬಂತು, ಒರೆಸಲು ಹೋದೆ. ನನ್ನ ಹೆಬ್ಬೆಟ್ಟಿನ ಗುರುತು ಬಾಲದ ಮೇಲೆ ಅಚ್ಚೊತ್ತಿದ ಹಾಗೆ ಕೂತಿತು. ಎಷ್ಟು ಜನರ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನು, ಈಗ ನನ್ನದೇ ಸರದಿ! ಹಿಡಿಸೂಡಿ ಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು ಅಂಟು ಸಾಕು. ಅಂಟು ಮುಟ್ಟುವ ಮೊದಲು ಎರಡು ತುಂಡನ್ನೂ ಒಣಗಿದ ಹಾಗೆಯೇ ಜೋಡಿಸಿ ನೋಡಿ. ಕಿಟಕಿಯ ಗಾಜಿನಂಥ ತುಂಡಿಗೆ ಈ ಅಂಟು ಬೇಡ, ಸೂಪರ್ ಗ್ಲೂ ಕೂಡದೇ ಕೂಡದು, ಮಂಜು ಕವಿದಂತೆ ಬಿಳುಪಾಗುತ್ತದೆ. ಅಲ್ಲಿಗೆ ಮರಕ್ಕೆ ಹಾಕುವ ಬಿಳಿ ಅಂಟೇ ಒಳ್ಳೆಯದು.

ಇನ್ನೊಂದು ಮುಖ್ಯ ಮಾತು. ಚೇತಕ್ಕಿನ ಮುಂಭಾಗವೆಲ್ಲ ಗಾಜು. ಒಳಗಿನ ಸೀಟು, ನೆಲ, ಪೈಲಟ್ ಹಿಡಿಯುವ ಕೋಲು ಎಲ್ಲ ಹೊರಗೆ ಕಾಣುತ್ತದೆ. ಹಾಗಾಗಿ ಮುಚ್ಚುವ ಮೊದಲೇ ಒಳಗಿನ ಬಣ್ಣ ಮುಗಿಸಬೇಕು. ಇದಕ್ಕೆ ಮುಂದೆ ಒಂದು ಚಕ್ರ, ಹಿಂದೆ ಎರಡು. ಬಾಲ ಉದ್ದ, ಮೂಗು ಹಗುರ. ನಿಲ್ಲಿಸಿದರೆ ಕೋತಿಯ ಹಾಗೆ ಬಾಲದ ಮೇಲೆ ಕೂರುತ್ತದೆ. ಬೀಸುಬಲೆಗೆ ಕಟ್ಟುವ ಸೀಸದ ಮಣಿ ಎರಡನ್ನು ಸೀಟಿನ ಅಡಿಗೆ ಅಂಟಿಸಿದೆವು, ನೆಟ್ಟಗೆ ನಿಂತಿತು. ಸೀಸ ಮುಟ್ಟಿದ ಕೈ ತೊಳೆಯಲು ಮರೆಯಬೇಡಿ.

ಎರಡನೆಯ ದೊಡ್ಡ ತಪ್ಪು ಬಣ್ಣದ್ದು. ಅಷ್ಟರಲ್ಲಿ ಜೂನ್ ಬಂತು, ಮಳೆ ಹಿಡಿಯಿತು. ಶಾಲೆ ಶುರುವಾಗುವ ಮುಂಚೆ ಮುಗಿಸಬೇಕೆಂದು ಹುಡುಗನ ಅವಸರ, ನನಗೂ ಅವಸರ. ದಪ್ಪ ಬಣ್ಣವನ್ನು ಒಂದೇ ಸಲಕ್ಕೆ ಬಳಿದೆವು. ಮೇಲೆ ಒಣಗಿದಂತೆ ಕಂಡಿತು, ಒಳಗೆ ಹಸಿ. ಅದರ ಮೇಲೆ ಮತ್ತೆ ಬ್ರಶ್ ಎಳೆದಾಗ ಬಣ್ಣ ಕೆನೆಯ ಹಾಗೆ ಎದ್ದು ಬಂತು. ಗೆರೆ ಗೆರೆಯಾಗಿ ನೋಡಲು ಅಸಹ್ಯ.

ಜಗಲಿಯ ಆ ಬದಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ನನ್ನವಳು ಅಷ್ಟು ದಿನ ಈ ಕಡೆ ತಿರುಗಿಯೂ ನೋಡಿರಲಿಲ್ಲ. ಆವತ್ತು, "ಅಡಿಕೆಗೆ ಮೈಲುತುತ್ತ ಬಿಡುವಾಗ ಹೀಗೆಯಾ ಮಾಡುವುದು ನೀವು?" ಎಂದಳು. ಮಾತು ಸರಿ. ತುತ್ತದ ದ್ರಾವಣ ಗೊನೆಗೆ ತೆಳ್ಳಗೆ ಮಂಜಿನ ಹಾಗೆ ಹಿಡಿಯಬೇಕು, ಹೊಳವಾದ ಹೊತ್ತು ನೋಡಿ ಬಿಡಬೇಕು. ಸುರಿದರೆ ಕೆಳಗೆ ಹೋಗುತ್ತದೆ ಅಷ್ಟೇ. ಬಣ್ಣವೂ ಹಾಗೆಯೇ. ಕೆಟ್ಟದ್ದನ್ನು ಪೂರ್ತಿ ಒಣಗಲು ಬಿಟ್ಟು, ಉಜ್ಜಿ ತೆಗೆದು, ಹೊಸದಾಗಿ ಶುರು ಮಾಡಿದೆವು. ಮೊದಲು ಪ್ರೈಮರು. ಮೈಯ ಓರೆಕೋರೆ, ಬಿರುಕು ಎಲ್ಲವನ್ನೂ ಅದು ತೋರಿಸಿ ಕೊಡುತ್ತದೆ. ನನ್ನ ಹೆಬ್ಬೆಟ್ಟನ್ನೂ ತೋರಿಸಿತು! ಅದನ್ನೂ ಉಜ್ಜಿ ಸರಿ ಮಾಡಿದೆ. ಆಮೇಲೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಒಂದೇ ದಿಕ್ಕಿಗೆ ಎಳೆದು, ದಿನಕ್ಕೆ ಒಂದೇ ಕೈ. ಮೊದಲನೆಯದರಲ್ಲಿ ಪ್ಲಾಸ್ಟಿಕ್ ಕಾಣುತ್ತದೆ, ಹೆದರಬೇಡಿ. ಮೂರನೆಯ ನಾಲ್ಕನೆಯ ಕೈಗೆ ಸಮನಾಗುತ್ತದೆ. ಎನಾಮೆಲ್ ಬಣ್ಣವಾದರೆ ತಿನ್ನರಿನ ವಾಸನೆ ಕೆಟ್ಟದ್ದು, ಗಾಳಿಯಾಡುವಲ್ಲೇ ಕೂರಿ, ಮಕ್ಕಳನ್ನು ದೂರವಿಡಿ. ವಾಸನೆಯ ಔಷಧವನ್ನು ಹಗುರ ಮಾಡಬಾರದೆಂದು ನಮ್ಮ ಊರಿಗೆ ಯಾರೂ ಕಲಿಸಬೇಕಾಗಿಲ್ಲ.

ಕೊನೆಗೆ ಹೆಸರು, ಗುರುತಿನ ಚೀಟಿಗಳು. ಅವನ್ನು ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಒಂದು ಕೈ ಕೊಡಿ, ಒರಟು ಮೈಯಲ್ಲಿ ಚೀಟಿಯ ಅಡಿಗೆ ಗಾಳಿ ಸೇರಿ ಬೆಳ್ಳಗೆ ಕಾಣುತ್ತದೆ. ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಕಾಗದದಿಂದ ಮೆಲ್ಲಗೆ ಜಾರಿಸಿದರೆ ಸರಿ. ಮೂರು ರೆಕ್ಕೆಗಳನ್ನು ಬಿಸಿ ನೀರು ತೋರಿಸಿ ಒಂದಿಷ್ಟು ಕೆಳಕ್ಕೆ ಬಗ್ಗಿಸಿದೆವು. ನಿಂತ ಹೆಲಿಕಾಪ್ಟರಿನ ರೆಕ್ಕೆ ತನ್ನ ಭಾರಕ್ಕೆ ಬಾಗಿಯೇ ಇರುತ್ತದೆ.

ಒಂದು ತುಂಡು ಉಳಿದಿತ್ತು. ಬಾಗಿಲ ಹತ್ತಿರ ಕೂರಿಸುವ ಸಣ್ಣ ರಾಟೆ. ಅದು ಏನಕ್ಕೆಂದು ಹುಡುಗ ಕೇಳಿದ. 2018ರ ಆಗಸ್ಟಿನಲ್ಲಿ ಕೇರಳದಲ್ಲಿ ನೆರೆ ಬಂದಾಗ ನೌಕಾಪಡೆಯ ಹೆಲಿಕಾಪ್ಟರುಗಳು ಇಂಥ ರಾಟೆಯ ಹಗ್ಗದಿಂದ ಜನರನ್ನು ಮನೆಯ ಮಾಡಿನಿಂದ ಎತ್ತಿದ್ದನ್ನು ಹೇಳಿದೆ. ಅವುಗಳಲ್ಲಿ ಚೇತಕ್ಕೂ ಇತ್ತು. ಕೊಚ್ಚಿಯ ಹತ್ತಿರ ಒಂದು ಮನೆಯ ತಾರಸಿಯ ಮೇಲೆ ಜನ ದೊಡ್ಡದಾಗಿ ಥ್ಯಾಂಕ್ಸ್ ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದರು. ಆ ದಿನಗಳಲ್ಲಿ ಟಿ.ವಿ. ಮುಂದೆ ನಾವಿಬ್ಬರೂ ಕೂತಿದ್ದೆವು. ಅವಳು ಆಗ ಏನೂ ಹೇಳಿರಲಿಲ್ಲ.

ರಾಟೆಗೆ ಹಗ್ಗ ಬೇಕಲ್ಲ. ಹೊಲಿಗೆಯ ನೂಲು ದಪ್ಪವಾಯಿತು. ನಾವು ಪರದಾಡುವುದನ್ನು ನೋಡಿ, ಅವಳು ಮಲ್ಲಿಗೆ ಕಟ್ಟುವ ಬಾಳೆನಾರನ್ನು ಉಗುರಿನಲ್ಲಿ ಸೀಳಿ ಸೀಳಿ, ಕೂದಲಿನಷ್ಟು ಸಪೂರ ಎಳೆ ತೆಗೆದು ಹುಡುಗನ ಕೈಗೆ ಕೊಟ್ಟಳು. ಅದನ್ನೇ ಕಟ್ಟಿದೆವು.

ಹೆಲಿಕಾಪ್ಟರ್ ಈಗಲೂ ಜಗಲಿಯ ಕಿಟಕಿಯಲ್ಲೇ ಇದೆ. ಒಳಗೆ ಬಂದಿಲ್ಲ, ನಾನೂ ಕೇಳಿಲ್ಲ. ಆದರೆ ಮಳೆಗಾಲದಲ್ಲಿ ಇರಚಲು ಹೊಡೆಯುವಾಗ ಅದರ ಮೇಲೆ ಒಂದು ತಟ್ಟೆ ಕವುಚಿರುತ್ತದೆ. ನಾನು ಕವುಚಿದ್ದಲ್ಲ, ಹುಡುಗನೂ ಅಲ್ಲ.

ನಿಮ್ಮ ಮನೆಯ ಮಕ್ಕಳಿಗೆ ಇಂಥ ಪೆಟ್ಟಿಗೆ ಯಾರಾದರೂ ತಂದುಕೊಟ್ಟರೆ ಅವರೊಬ್ಬರನ್ನೇ ಕೂರಿಸಬೇಡಿ, ನೀವೂ ಕೂರಿ. ಅಂಟು ಒಣಗುವವರೆಗೆ ಕಾಯಬೇಕಾಗುತ್ತದೆ, ಆ ಹೊತ್ತಿನಲ್ಲಿ ಮಕ್ಕಳು ಕೇಳುತ್ತಾರೆ, ನಾವು ಹೇಳುತ್ತೇವೆ. ನಮ್ಮ ಗುಡ್ಡದ ಕತೆಯನ್ನು ನನ್ನ ಮೊಮ್ಮಗ ಕೇಳಿದ್ದು ಹಾಗೆಯೇ.